ಒಂದೂವರೆಯ ವಿಮಾನ

ಬಲಗೈಯಲ್ಲಿ ಪೆಟ್ಟಿಗೆಯಿಲ್ಲದೆ ವಿಮಾನ ನಿಲ್ದಾಣದ ಗಾಜಿನ ಬಾಗಿಲು ದಾಟಿದ್ದು ಇದೇ ಮೊದಲಾದ್ದರಿಂದ ಆ ಕೈಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಒಮ್ಮೆ ಪ್ಯಾಂಟಿನ ಜೇಬಿಗೆ ಹಾಕಿದ, ಒಮ್ಮೆ ಬೆನ್ನ ಹಿಂದೆ ಕಟ್ಟಿದ. ಕೊನೆಗೆ ಹೆಂಡತಿಯ ಚೀಲವನ್ನಾದರೂ ಹಿಡಿಯೋಣವೆಂದು ಕೈ ಚಾಚಿದರೆ ಅವಳು, “ಬೇಡ ಬಿಡಿ, ಇದರಲ್ಲೇನು ಭಾರ ಇದೆ” ಎಂದು ಅದನ್ನು ಆಚೆ ಹೆಗಲಿಗೆ ಹಾಕಿಕೊಂಡಳು. ಇಪ್ಪತ್ತೈದು ವರ್ಷ ಆ ಕೈಯಲ್ಲಿ ಒಂಬತ್ತು ಕಿಲೋ ಇತ್ತು. ತೂಕದ ಕಲ್ಲುಗಳ ಪೆಟ್ಟಿಗೆ. ಕಲ್ಲು ಅನ್ನುವುದು ಹೆಸರಿಗಷ್ಟೇ. ಎಲ್ಲವೂ ಹೊಳೆಯುವ ಉಕ್ಕಿನವು, ಕಿರುಬೆರಳ ಉಗುರಿನಷ್ಟು ಚಿಕ್ಕದರಿಂದ ಮುಷ್ಟಿಯಷ್ಟು ದೊಡ್ಡದರವರೆಗೆ, ನೀಲಿ ಮಖಮಲ್ಲಿನ ಗುಳಿಗಳಲ್ಲಿ ಸಾಲಾಗಿ ಕೂತವು. ಔಷಧಿ ಕಾರ್ಖಾನೆ, ಹಾಲಿನ ಡೇರಿ, ಬಣ್ಣ ಬೆರೆಸುವ ಜಾಗ, ಎಲ್ಲಿ ತಕ್ಕಡಿ ಸುಳ್ಳು ಹೇಳಬಾರದೋ ಅಲ್ಲಿಗೆಲ್ಲ ಹೋಗಿ, ಈ ಕಲ್ಲುಗಳನ್ನು ಒಂದೊಂದಾಗಿ ಇಟ್ಟು, ಯಂತ್ರ ನಿಜ ನುಡಿಯುತ್ತಿದೆಯೇ ಎಂದು ನೋಡಿ, ಚೀಟಿ ಅಂಟಿಸಿ ಬರುವುದು ಅವನ ಕೆಲಸವಾಗಿತ್ತು. ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಬೆರಳಿನ ಜಿಡ್ಡಿಗೂ ತೂಕವಿದೆ. ಮೂರು ವಾರದ ಹಿಂದೆ ಪೆಟ್ಟಿಗೆಯನ್ನೂ ಬಿಳಿ ಕೈಗವಸುಗಳನ್ನೂ ಆಫೀಸಿಗೆ ಒಪ್ಪಿಸಿ, ಎಲ್ಲರ ಕೈ ಕುಲುಕಿ ರಿಟೈರಾಗಿ ಬಂದ. ಅಂದಿನಿಂದ ಆ ಕೈ ನಿದ್ದೆಯಲ್ಲೂ ಏನನ್ನೋ ಹುಡುಕುತ್ತದೆ, ನನ್ನ ದಿಂಬು ಎಳೆಯುತ್ತದೆ ಎಂದು ಹೆಂಡತಿ ದೂರುತ್ತಾಳೆ.

ಇವತ್ತು ಹೊರಟಿರುವ ಊರಿನಲ್ಲಿ ಅವನಿಗೆ ಯಾವ ಕೆಲಸವೂ ಇಲ್ಲ. ಬೆಳಗ್ಗೆ ಏಳೂವರೆಗೆ ಹತ್ತಿ ಒಂಬತ್ತಕ್ಕೆ ಬಂದರಿನ ಊರಿನಲ್ಲಿ ಇಳಿಯುವುದು, ಹನ್ನೆರಡಕ್ಕೆ ಅಲ್ಲಿಂದ ಹತ್ತಿ ಒಂದೂವರೆಗೆ ಮತ್ತೆ ಇಲ್ಲೇ ಬಂದು ಬೀಳುವುದು. ಈ ವಿಮಾನ ಕಂಪನಿಯಲ್ಲಿ ಸಾವಿರದ ಐನೂರು ಸಲ ಹಾರಿದವರಿಗೆ ಆಜೀವ ಸದಸ್ಯತ್ವ ಕೊಡುತ್ತಾರೆ. ಚಿನ್ನದ ಬಣ್ಣದ ಕಾರ್ಡು, ಸಾಲಿನಲ್ಲಿ ನಿಲ್ಲದೆ ಹತ್ತುವ ಹಕ್ಕು, ತನಗೂ ಜೊತೆಗೆ ಬಂದ ಒಬ್ಬರಿಗೂ ಲೌಂಜಿನಲ್ಲಿ ಕುರ್ಚಿ, ಎಲ್ಲ ಉಸಿರಿರುವ ತನಕ. ಎಷ್ಟು ದೂರವೆಂಬ ಲೆಕ್ಕವಿಲ್ಲ; ಒಮ್ಮೆ ಹತ್ತಿ ಇಳಿದರೆ ಒಂದು. ಅವನದು ಸಾವಿರದ ನಾನೂರ ತೊಂಬತ್ತೆಂಟಕ್ಕೆ ನಿಂತಿತ್ತು, ಮತ್ತು ತಿಂಗಳ ಕೊನೆಗೆ ಆ ನಿಯಮವೇ ರದ್ದು ಎಂದು ಕಂಪನಿಯಿಂದ ಕಾಗದ ಬಂದಿತ್ತು. ಎರಡೇ ಎರಡು. ಮಗಳು ಫೋನಿನಲ್ಲಿ ನಕ್ಕಳು. “ಏನಪ್ಪಾ, ಗೋಡೆ ಮುಟ್ಟಿ ವಾಪಸ್ ಓಡಿ ಬರೋ ಆಟ ಈ ವಯಸ್ಸಲ್ಲಾ?” ಅವಳನ್ನು ಮನೆಯಲ್ಲಿ ಈಗಲೂ ಬಟನ್ ಎಂದೇ ಕರೆಯುತ್ತಾರೆ. ಮೂವತ್ತು ತುಂಬಿದವಳು, ಊರಿನ ಆ ತುದಿಯಲ್ಲಿ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ತಾಯಿಯ ಹೊಲಿಗೆ ಯಂತ್ರದ ಕಾಲಬುಡದಲ್ಲಿ ಬಿದ್ದ ಗುಂಡಿಗಳನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಕಾಲದ ಹೆಸರು ಅದು.

ಹೆಂಡತಿ ಬರುತ್ತಾಳೆಂದು ಅವನು ಅಂದುಕೊಂಡಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಬೇರೆಯವರ ಬಟ್ಟೆಗಳನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಅಂಚು ಮಡಿಸಿ ಕೊಡುವುದು ಅವಳ ಕೆಲಸ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅರ್ಧ ಜಗಳಗಳು ಬಾಯಿಯ ಮೂಲೆಯಿಂದಲೇ ನಡೆದುಹೋಗಿವೆ. ಒಂದು ವಾರ ಕೇಳಿದ್ದಕ್ಕೂ “ನಂಗೆ ಕೈ ತುಂಬ ಕೆಲಸ ಇದೆ, ನೀವು ಹೋಗ್ಬನ್ನಿ” ಎಂಬ ಒಂದೇ ಉತ್ತರ. ಸೋಮವಾರ ಅವನು ಟಿಕೆಟ್ಟಿನ ಹಾಳೆಯನ್ನು ಯಂತ್ರದ ಪಕ್ಕದಲ್ಲಿ ಇಟ್ಟು ಹೋಗಿದ್ದ. ಅವಳು ಅದನ್ನು ಓದಿದಳು, ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿದಳು, ಆಮೇಲೆ ಕೇಳಿದಳು. “ವಾಪಸ್ ಬರೋದು ಒಂದೂವರೆಗಾ?” ಹೂಂ, ನೇರ ವಿಮಾನ, ಎಂದ. “ಸರಿ. ಬರ್ತೀನಿ.” ಗೆದ್ದೆ ಅನ್ನಿಸಿದ್ದರಿಂದ ಯಾಕೆ ಅಂತ ಅವನು ಕೇಳಲಿಲ್ಲ. ಗೆದ್ದವರು ಸಾಮಾನ್ಯವಾಗಿ ಕೇಳುವುದಿಲ್ಲ.

ತಪಾಸಣೆಯ ಕಮಾನಿನಲ್ಲಿ ಅವನನ್ನು ಯಾರೂ ತಡೆಯಲಿಲ್ಲ. ಎಷ್ಟು ವರ್ಷ ಶಪಿಸಿದ್ದಾನೆ ಈ ಜಾಗವನ್ನು! ಎಕ್ಸ್‌ರೇ ಪರದೆಯ ಮೇಲೆ ಕಪ್ಪು ಉಂಡೆಗಳ ಸಾಲು ಕಂಡದ್ದೇ ಸಾಮಾನು ಸಾಗಿಸುವ ಪಟ್ಟಿ ನಿಲ್ಲುತ್ತಿತ್ತು, ಹಿಂದಿನವರು ಗೊಣಗುತ್ತಿದ್ದರು, ಪಕ್ಕದ ಮೇಜಿಗೆ ಕರೆದು ಬಿಚ್ಚಿಸುತ್ತಿದ್ದರು. ಮುಟ್ಟಬೇಡಿ, ದಯವಿಟ್ಟು ಮುಟ್ಟಬೇಡಿ, ಈ ಗವಸು ಹಾಕ್ಕೊಳ್ಳಿ ಎಂದು ಅವನು ಅಂಗಲಾಚಬೇಕು. ಕಾವಲಿಗೆ ಹೊಸದಾಗಿ ಬಂದವನೊಬ್ಬ ಬೇಕಂತಲೇ ಐವತ್ತು ಗ್ರಾಮಿನದನ್ನು ಬರಿಗೈಯಲ್ಲೆತ್ತಿ ಗೋಲಿಯ ಹಾಗೆ ಉರುಳಿಸಿ ನೋಡಿದ್ದ. ಆ ಕಲ್ಲನ್ನು ಮತ್ತೆ ಪ್ರಯೋಗಾಲಯಕ್ಕೆ ಕಳಿಸಿ, ತೂಗಿಸಿ, ಪ್ರಮಾಣಪತ್ರ ತರಿಸುವಷ್ಟರಲ್ಲಿ ಅವನ ಎರಡು ವಾರ ಹಾಳಾಗಿತ್ತು. ಆಮೇಲಾಮೇಲೆ ದಪ್ಪ ಮೀಸೆಯ ಹಿರಿಯ ಕಾವಲಿನವನಿಗೆ ಅವನು ಪರಿಚಯವಾಗಿ, “ಬನ್ನಿ ತೂಕದ ಸಾರ್, ಅಂಗಡಿ ತೆಗೀರಿ” ಎನ್ನುತ್ತಿದ್ದ. ಆ ಮೀಸೆಯವನು ಯಾವಾಗ ಕೆಲಸ ಬಿಟ್ಟನೋ ಗೊತ್ತಿಲ್ಲ. ಒಂದು ದಿನ ಇರಲಿಲ್ಲ, ಮರುದಿನವೂ ಇರಲಿಲ್ಲ, ಅಷ್ಟೇ. ಇವತ್ತು ಕಮಾನು ಅವನನ್ನು ಗಾಳಿಯನ್ನು ಬಿಟ್ಟ ಹಾಗೆ ಬಿಟ್ಟಿತು. ಆಚೆ ನಿಂತು ಬೆಲ್ಟು ಬಿಗಿಯುತ್ತ ಅವನಿಗೆ ನಿಜವಾಗಿಯೂ ದುಃಖವಾಯಿತು. ಅಷ್ಟರಲ್ಲಿ ಹಿಂದೆ ಕಮಾನು ಕೂಗಿಕೊಂಡಿತು. ಹೆಂಡತಿ. ಕಾವಲಿನ ಹೆಂಗಸು ಅವಳನ್ನು ಪರದೆಯ ಹಿಂದೆ ಕರೆದೊಯ್ದು, ಕೋಟಿನ ಒಳಮಡಿಕೆಯಿಂದ, ತೋಳಿನ ಅಂಚಿನಿಂದ, ಕಾಲರಿನ ಅಡಿಯಿಂದ ಒಟ್ಟು ಏಳು ಗುಂಡುಸೂಜಿ ತೆಗೆದಳಂತೆ. ಪರದೆ ಸರಿಸಿ ಈಚೆ ಬಂದ ಹೆಂಡತಿಯ ಮುಖ ಕೆಂಪಾಗಿತ್ತು. “ಎಂಟನೇದು ಅವಳಿಗೆ ಸಿಗಲಿಲ್ಲ” ಎಂದು ಪಿಸುಗುಟ್ಟಿದಳು. ಅವನು ನಕ್ಕ. ಇಬ್ಬರೂ ಹೀಗೆ ಹೊರಗೆಲ್ಲೋ ನಿಂತು ನಗದೆ ಎಷ್ಟು ಕಾಲವಾಗಿತ್ತೆಂದು ನೆನಪಾಗಲಿಲ್ಲ.

ಲೌಂಜು ಮೇಲಿನ ಮಹಡಿಯಲ್ಲಿ, ಮೆಟ್ಟಿಲ ಕೊನೆಯಲ್ಲಿ. ಅವನು ಮೊದಲ ಸಲ ಬಂದಾಗ ಅದು ಹಸಿರು ಸೋಫಾಗಳ, ಕಿಟಕಿಗೆ ದಪ್ಪ ಪರದೆಗಳ ಕೋಣೆ. ಮೂಲೆಯಲ್ಲಿ ಕೋಲಿಗೆ ಸಿಕ್ಕಿಸಿದ ದಿನಪತ್ರಿಕೆಗಳು, ಒಂದು ಫೋನು. ಈಗ ಎಲ್ಲ ಬೂದು ಮತ್ತು ಬಿಳಿ. ಬದಲಾಗದೆ ಉಳಿದವಳು ಮೇಜಿನಾಚೆಯ ಆಕೆ ಒಬ್ಬಳೇ. ಸೇರಿದಾಗ ಹುಡುಗಿ, ತಪ್ಪು ಕಾರ್ಡಿಗೆ ಬಾಗಿಲು ತೆಗೆದು ಮೇಲಿನವರಿಂದ ಬೈಸಿಕೊಂಡು ಒಂದು ಸಲ ಅವನೆದುರೇ ಅತ್ತಿದ್ದಳು. ಈಗ ಓದುವ ಕನ್ನಡಕ ಕೊರಳಿಗೆ ನೇತುಬಿದ್ದಿದೆ. “ಬನ್ನಿ ಸಾರ್, ಇವತ್ತು ಅಮ್ಮನೂ ಬಂದಿದ್ದಾರೆ!” ಎಂದು ಎದ್ದು ನಿಂತಳು. ಬೆರಳು ಮಡಿಸಿ, “ಇದು ತೊಂಬತ್ತೊಂಬತ್ತು, ಮಧ್ಯಾಹ್ನಕ್ಕೆ ಐನೂರು. ಸರಿಯಾ?” ಎಂದಳು. ಅವರು ಕೂರುವ ಮೊದಲೇ ಚಹಾ ಬಂತು. ಹೆಂಡತಿ ತನ್ನ ಲೋಟಕ್ಕೆ ಸಕ್ಕರೆ ಹಾಕಿಕೊಂಡು ಅಭ್ಯಾಸಬಲದಿಂದ ಅವನದಕ್ಕೂ ಅರ್ಧ ಚಮಚ ಎತ್ತಿದಾಗ ಆಕೆ ತಟ್ಟನೆ, “ಸಾರ್‌ಗೆ ಬೇಡಮ್ಮ, ಅವರು ಸಕ್ಕರೆ ಹಾಕ್ಕೊಳ್ಳಲ್ಲ” ಎಂದುಬಿಟ್ಟಳು. ಚಮಚ ಗಾಳಿಯಲ್ಲಿ ನಿಂತಿತು. ಆಕೆ ಹೋದ ಮೇಲೆ ಹೆಂಡತಿ ಮೆಲ್ಲಗೆ ಕೇಳಿದಳು. “ಮನೇಲಿ ಅರ್ಧ ಚಮಚ ಹಾಕ್ತೀನಲ್ಲ, ಮೂವತ್ತೆರಡು ವರ್ಷದಿಂದ?” ಅದೂ ಚೆನ್ನಾಗೇ ಇರುತ್ತೆ, ಎಂದ. “ಒಂದು ಮಾತು ಹೇಳಬಹುದಿತ್ತು.” ಅವಳು ಚಮಚವನ್ನು ತನ್ನ ಲೋಟಕ್ಕೇ ಸುರಿದು ಕಲಕತೊಡಗಿದಳು. ಚಹಾ ಅಷ್ಟು ಸಿಹಿಯಾದರೆ ಅವಳು ಕುಡಿಯುವುದಿಲ್ಲವೆಂದು ಅವನಿಗೆ ಗೊತ್ತು. ಗೊತ್ತು ಅಂತ ಅವನು ಅಂದುಕೊಂಡಿದ್ದಾನೆ.

ಹೇಳಲಿಲ್ಲ ಯಾಕೆ? ಹೇಳುವಷ್ಟು ದಿನ ಮನೆಯಲ್ಲಿರಲಿಲ್ಲ, ಇದ್ದ ದಿನಗಳಲ್ಲಿ ತಾನೊಬ್ಬ ನೆಂಟನೆಂಬಂತೆ ಕೊಟ್ಟದ್ದನ್ನು ಕುಡಿದ. ಆದರೆ ಇಲ್ಲಿ, ಈ ಕೋಣೆಯಲ್ಲಿ, ತನಗೆ ಏನು ಬೇಕು ಏನು ಬೇಡ ಎಂದು ಹೇಳುವುದಕ್ಕೆ ಅವನಿಗೆ ಎಂದೂ ಸಂಕೋಚವಾಗಿಲ್ಲ. ಇದನ್ನು ಯಾರಿಗಾದರೂ ಹೇಗೆ ವಿವರಿಸುವುದು? ಕಾರ್ಖಾನೆಗಳಿಗೆ ಅವನು ಹೋಗುತ್ತಿದ್ದದ್ದು ಲಾರಿಗಳು ಹೋಗುವ ಹಿಂದಿನ ಗೇಟಿನಿಂದ. ಪುಸ್ತಕದಲ್ಲಿ ‘ತಕ್ಕಡಿಯವನು’ ಎಂದು ಬರೆಸಿಕೊಂಡು, ಸ್ಟೂಲಿನ ಮೇಲೆ ಗಂಟೆಗಟ್ಟಲೆ ಕಾಯಬೇಕು. ತಪ್ಪು ಹುಡುಕಲು ಬಂದವನನ್ನು ಯಾರು ಆದರಿಸುತ್ತಾರೆ? ಮೇಸ್ತ್ರಿಗಳು ಬೆನ್ನು ತಿರುಗಿಸುತ್ತಿದ್ದರು. ಒಂದು ಡೇರಿಯಲ್ಲಿ ಊಟದ ಹೊತ್ತಿಗೆ ಎಲ್ಲರೂ ಅವನೊಬ್ಬನನ್ನು ಯಂತ್ರದ ಜೊತೆ ಬಿಟ್ಟು ದೀಪ ಆರಿಸಿ ಹೋಗಿದ್ದರು. ಅಂಥ ದಿನವೊಂದು ಮುಗಿದ ಸಂಜೆ, ಮೊದಲ ಬೆಳ್ಳಿ ಬಣ್ಣದ ಕಾರ್ಡು ಬಂದ ವರ್ಷ, ಹಸಿರು ಸೋಫಾದ ಆ ಕೋಣೆಗೆ ಹಿಂಜರಿಯುತ್ತ ಕಾಲಿಟ್ಟಾಗ ಯಾರೋ ಅವನ ಹೆಸರನ್ನು ಪೂರ್ತಿಯಾಗಿ, ತಪ್ಪಿಲ್ಲದೆ, ಮುಂದೆ ಶ್ರೀ ಸೇರಿಸಿ ಕರೆದರು. ಕಾಗದದ ಟಿಕೆಟ್ಟಿನ ಕಾಲ ಅದು, ಕೆಂಪು ಕಾರ್ಬನ್ನು ಬೆರಳಿಗೆ ಹತ್ತುತ್ತಿತ್ತು. ಕೆಂಪು ಬೆರಳುಗಳಿಂದ ಬಿಳಿ ಲೋಟ ಹಿಡಿದು, ಕೆಳಗೆ ದೀಪ ಹೊತ್ತಿಸಿಕೊಂಡು ಉರುಳುವ ವಿಮಾನಗಳನ್ನು ನೋಡುತ್ತ ಅವನು ಸುಖವಾಗಿದ್ದ. ಸುಳ್ಳೇಕೆ, ಬಹಳ ಸುಖವಾಗಿದ್ದ. ಈಗ ಎದುರಿಗೆ ಹೆಂಡತಿ ಕುಡಿಯಲಾರದ ಚಹಾವನ್ನು ಕಲಕುತ್ತಿರುವಾಗಲೂ ಆ ಸಂಜೆಯ ನೆನಪಿಗೆ ಎದೆ ಬೆಚ್ಚಗಾಯಿತು.

ಆ ಸುಖವನ್ನು ಉಳಿಸಿಕೊಳ್ಳಲು ವರ್ಷಕ್ಕೆ ಅರವತ್ತು ಸಲ ಹಾರಬೇಕಿತ್ತು. ಕೆಲಸದ ಲೆಕ್ಕಕ್ಕೆ ಐವತ್ತರ ಹತ್ತಿರ ಆಗುತ್ತಿತ್ತು. ಉಳಿದದ್ದಕ್ಕೆ ಅವನು ಕಂಡುಕೊಂಡ ಉಪಾಯ ಸುತ್ತುದಾರಿ. ನೇರ ವಿಮಾನ ಬಿಟ್ಟು ನಡುವೆ ಒಂದು ಊರಿನಲ್ಲಿ ಇಳಿದು ಹತ್ತಿದರೆ ಒಂದು ಎರಡಾಗುತ್ತದೆ, ಮೂರು ತಾಸಿನ ಕಾಯುವಿಕೆ, ಮನೆ ಮುಟ್ಟುವುದು ತುಸು ತಡ, ಅಷ್ಟೇ ತಾನೇ. ಆಫೀಸಿನವರಿಗೆ ಟಿಕೆಟ್ಟು ಯಾವ ದಾರಿಯದಾದರೂ ಒಂದೇ. ಮನೆಯಲ್ಲಿ ‘ನೇರ ವಿಮಾನ ಇರಲಿಲ್ಲ’ ಎಂದರೆ ಮುಗಿಯಿತು. ಅಂಥ ಸುತ್ತುದಾರಿಯೊಂದರ ಕಾಲಕ್ಕೆ ಬಟನ್‌ಗೆ ಒಂಬತ್ತು ವರ್ಷ. ಗೋಡೆಯಿಂದ ಜಿಗಿದು ಎಡಗೈ ಮುರಿದುಕೊಂಡಿದ್ದಳು. ಪ್ಲಾಸ್ಟರಿನ ತುಂಬ ಕ್ಲಾಸಿನವರ, ಮೇಷ್ಟ್ರ, ಅಂಗಡಿಯವನ, ಪಕ್ಕದ ಮನೆಯ ಅಜ್ಜಿಯ ಸಹಿ. ಮಣಿಕಟ್ಟಿನ ಒಳಬದಿಗೆ ಮಾತ್ರ ಒಂದಿಷ್ಟು ಜಾಗ ಪೆನ್ಸಿಲಿನಿಂದ ಗೆರೆ ಹಾಕಿ ಬಿಟ್ಟಿದ್ದಳು. ಅದು ಅಪ್ಪನಿಗೆ. ಅಪ್ಪ ಆ ಐದು ವಾರದಲ್ಲಿ ನಾಲ್ಕು ಸಲ ಮನೆಗೆ ಬಂದು ಹೋಗಿದ್ದ, ನಾಲ್ಕೂ ಸಲ ಅವಳು ಮಲಗಿದ್ದಳು, ಇಲ್ಲವೇ ಸ್ಕೂಲಿನಲ್ಲಿದ್ದಳು. ಇವತ್ತು ನಾಲ್ಕು ಗಂಟೆಗೆ ಡಾಕ್ಟರು ಪ್ಲಾಸ್ಟರು ಬಿಚ್ಚುತ್ತಾರೆ ಅಪ್ಪ, ಅಷ್ಟರೊಳಗೆ ಬಂದುಬಿಡು ಎಂದು ಫೋನಿನಲ್ಲಿ ಹೇಳಿದ್ದಳು. ಅವನು ಬಂದರಿನ ಊರಿನಲ್ಲೇ ಇದ್ದ. ವರ್ಷದ ಕೊನೆಯ ವಾರ, ಐವತ್ತೆಂಟು ಆಗಿತ್ತು. ಹನ್ನೆರಡಕ್ಕೆ ಹತ್ತಿ ಒಂದೂವರೆಗೆ ಇಳಿದರೆ ಐವತ್ತೊಂಬತ್ತು. ಸುತ್ತಿಕೊಂಡು ಬಂದರೆ ಅರವತ್ತು. ಡಾಕ್ಟರು ಆರರವರೆಗೂ ಇರುತ್ತಾರೆ, ಮಗು ಹಟ ಮಾಡಿದರೆ ಕಾಯುತ್ತಾರೆ, ಐದಕ್ಕೆ ಇಳಿದುಬಿಡುತ್ತೇನೆ ಎಂದು ಹಾಕಿಕೊಂಡ ಅಂದಾಜು ನಡುವಿನ ಊರಿನಲ್ಲಿ ಕೆಟ್ಟಿತು. ಎರಡನೆಯ ವಿಮಾನ ತಡವಾಗಿ, ಮನೆ ತಲುಪಿದಾಗ ಏಳೂವರೆ. ಎರಡು ಸೀಳಾದ ಪ್ಲಾಸ್ಟರು ಊಟದ ಮೇಜಿನ ಮೇಲಿತ್ತು. ಅವನು ಅಂಗಿಯ ಜೇಬಿನಿಂದ ಪೆನ್ನು ತೆಗೆದಾಗ ಬಟನ್ ತನ್ನ ತೆಳ್ಳಗಾದ, ಬಿಳಿಚಿದ ಕೈಯಿಂದ ಆ ಸೀಳನ್ನು ತನ್ನ ಕಡೆಗೆ ಎಳೆದುಕೊಂಡು, “ಈಗ ಬೇಡ ಅಪ್ಪ. ಒಳಗೆ ಕೈಯೇ ಇಲ್ಲವಲ್ಲ” ಎಂದಿದ್ದಳು. ಸಿಟ್ಟಿನಿಂದಲ್ಲ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ಹಾಗೆ. ಅವನು ಹೆಂಡತಿಯ ಕಡೆ ನೋಡಿ, ಈವತ್ತು ನೇರ ವಿಮಾನ ಇರಲಿಲ್ಲ, ಎಂದ. ಹೆಂಡತಿಯ ಬಾಯಲ್ಲಿ ಸೂಜಿಗಳಿದ್ದವು. ಅವಳು ತಲೆಯಾಡಿಸಿದಳು.

“ವಿಮಾನ ಕರೀತಿದ್ದಾರೆ” ಎಂದಳು ಹೆಂಡತಿ, ಈಗ, ಇಲ್ಲಿ, ಕುಡಿಯದ ಲೋಟವನ್ನು ಕೆಳಗಿಟ್ಟು.

ಕಿಟಕಿಯ ಸೀಟನ್ನು ಅವಳಿಗೆ ಬಿಟ್ಟುಕೊಟ್ಟ. ಮೇಲೇರುವಾಗ ಅವಳು ಹಣೆಯನ್ನು ಗಾಜಿಗೆ ಒತ್ತಿ ಕೆಳಗೆ ಏನನ್ನೋ ಹುಡುಕುತ್ತಿದ್ದಳು. ಏನು ನೋಡ್ತಿದ್ದೀ ಎಂದರೆ, ನಮ್ಮ ಬೀದಿ, ಎಂದಳು. “ಕಾಣುತ್ತಾ? ನೀವು ಯಾವತ್ತಾದ್ರೂ ನೋಡಿದ್ದೀರಾ?” ಅವನು ಇಪ್ಪತ್ತೈದು ವರ್ಷ ನಡುಹಾದಿಯ ಪಕ್ಕದ ಸೀಟಿನಲ್ಲಿ, ಪೆಟ್ಟಿಗೆಯ ಕಡೆ ಒಂದು ಕಣ್ಣಿಟ್ಟು ಕೂತವನು. ಮೋಡ ಬಂದು ಎಲ್ಲ ಮುಚ್ಚಿದ ಮೇಲೆ ಅವಳು ಈ ಕಡೆ ತಿರುಗಿದಳು. “ಅಲ್ರೀ, ಈ ಕಾರ್ಡು ಸಿಕ್ಕಿದ ಮೇಲೆ ಎಲ್ಲಿಗೆ ಹೋಗೋದು?” ಎಲ್ಲಿಗೆ ಬೇಕಾದ್ರೂ, ಎಂದ. “ಅಂದ್ರೆ ಎಲ್ಲಿಗೆ?” ಅವನಿಗೆ ಊರುಗಳ ಹೆಸರು ಗೊತ್ತು, ನೂರಾರು. ಪ್ರತಿಯೊಂದರ ನಿಲ್ದಾಣದಲ್ಲಿ ನೀರು ಎಲ್ಲಿ ಸಿಗುತ್ತದೆ, ಯಾವ ಕುರ್ಚಿಯ ಬಳಿ ಫೋನಿಗೆ ಕರೆಂಟು ಇದೆ, ಎಲ್ಲ ಗೊತ್ತು. ಆ ಊರುಗಳಲ್ಲಿ ನೋಡುವುದೇನಿದೆ ಎಂದು ಗೊತ್ತಿಲ್ಲ. ಹಿಂದಿನ ಗೇಟುಗಳನ್ನು ಬಿಟ್ಟು ಅವನು ಏನನ್ನೂ ನೋಡಿಲ್ಲ. ನೋಡೋಣ ಬಿಡು, ಮೊದಲು ಬರಲಿ, ಎಂದು ಕಣ್ಣು ಮುಚ್ಚಿದ. ಒಂದು ಸಂಜೆ, ರಿಟೈರಾದ ಮಾರನೆಯ ವಾರ, ಹಳೆಯ ಡೈರಿಗಳನ್ನು ಹರಡಿಕೊಂಡು ಅವನು ಎಣಿಸಿದ್ದ. ಸಾವಿರದ ನಾನೂರ ತೊಂಬತ್ತೆಂಟರಲ್ಲಿ ಬೇಕಿಲ್ಲದೆ ಸುತ್ತಿಕೊಂಡು ಬಂದವು ಇನ್ನೂರ ಹನ್ನೆರಡು. ಅಂದರೆ ಇನ್ನೂರ ಹನ್ನೆರಡು ಸಂಜೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅವನ್ನಿಟ್ಟರೆ ಇನ್ನೊಂದರಲ್ಲಿ ಏನಿಡುವುದೆಂದು ಬಹಳ ಹೊತ್ತು ಯೋಚಿಸಿ, ಡೈರಿಗಳನ್ನು ಎತ್ತಿಟ್ಟಿದ್ದ.

ಬಂದರಿನ ಊರಿನಲ್ಲಿ ಇಳಿದವರು ಸರಸರನೆ ತಂತಮ್ಮ ಕೆಲಸಕ್ಕೆ ಹೊರಟರು. ವಾಪಸು ಹೋಗಬೇಕಾದರೂ ಒಮ್ಮೆ ಹೊರಬಂದು, ಸುತ್ತು ಹಾಕಿ ಮತ್ತೆ ಒಳಹೋಗಬೇಕೆಂಬುದು ಅಲ್ಲಿನ ಪದ್ಧತಿ. ಹೊರಬಾಗಿಲು ಸರಿಯಿತು, ಎದುರಿಗೆ ಕಬ್ಬಿಣದ ಕಂಬಿ, ಕಂಬಿಗೆ ಆತುಕೊಂಡು ಕಾಯುವ ಜನ. ಹೆಸರು ಬರೆದ ಹಲಗೆ ಹಿಡಿದ ಡ್ರೈವರುಗಳು, ಅಪ್ಪನ ಹೆಗಲೇರಿದ ಮಗು, ಯಾರನ್ನೋ ಕಂಡು ಕೈ ಬೀಸಿ ಆಮೇಲೆ ಅವರಲ್ಲವೆಂದು ತಿಳಿದು ಕೈಯನ್ನು ಕೂದಲಿಗೆ ಒಯ್ದ ಒಬ್ಬ ಹೆಂಗಸು. ಅವನು ಕಂಬಿಯ ಪಕ್ಕದಿಂದ ನಡೆದುಹೋದ. ಹತ್ತು ಹೆಜ್ಜೆಯ ಮೇಲೆ ಹಿಂದೆ ಯಾರೂ ಇಲ್ಲವೆಂದು ಗೊತ್ತಾಗಿ ತಿರುಗಿ ನೋಡಿದರೆ, ಹೆಂಡತಿ ಆ ಜನರ ನಡುವೆ ಹೋಗಿ, ಎರಡೂ ಕೈಯಿಂದ ಕಂಬಿ ಹಿಡಿದು ಬಾಗಿಲನ್ನೇ ನೋಡುತ್ತ ನಿಂತಿದ್ದಾಳೆ. ಯಾರಿಗಾಗಿ ಎಂದು ನಗುತ್ತ ಹತ್ತಿರ ಹೋದ.

“ನಮ್ಮೂರಲ್ಲೂ ಇಂಥದ್ದೇ ಕಂಬಿ” ಎಂದಳು, ಬಾಗಿಲಿನಿಂದ ಕಣ್ಣು ತೆಗೆಯದೆ. “ಆಗ ಹಳದಿ ಬಣ್ಣ ಇತ್ತು. ನಾವು ಬಂದಿದ್ವಿ ಒಂದು ಸಲ.”

“ಯಾರು?”

“ನಾನು, ಬಟನ್. ಪ್ಲಾಸ್ಟರ್ ಬಿಚ್ಚೋ ದಿನ. ನಾನು ಫೋನ್ ಮಾಡಿ ಕೇಳಿದ್ದೆ, ಒಂದೂವರೆಗೆ ನೇರ ವಿಮಾನ ಇದೆ ಅಂದ್ರು. ಅಪ್ಪ ಇಳಿದ ತಕ್ಷಣ ಅಲ್ಲೇ ಸಹಿ ಹಾಕಿಸ್ಕೊಂಡು, ಮೂರೂ ಜನ ಡಾಕ್ಟರ ಹತ್ರ ಹೋಗೋಣ ಅಂತ ಅವಳದ್ದೇ ಐಡಿಯಾ. ಕಂಬಿ ಮೇಲೆ ಆ ಕೈ ಇಟ್ಕೊಂಡು ನಿಂತಿದ್ಲು, ಇನ್ನೊಂದು ಕೈಲಿ ಪೆನ್ನು. ಕ್ಯಾಪ್ ತೆಗೆದೇ ಹಿಡಿದಿದ್ಲು.”

ಬಾಗಿಲು ಸರಿದು ಇಬ್ಬರು ಹೊರಬಂದರು. ಪಕ್ಕದ ಡ್ರೈವರು ಹಲಗೆಯನ್ನು ಎತ್ತಿ ಹಿಡಿದ. ಪೆಟ್ಟಿಗೆಯಿಲ್ಲದ ಅವನ ಬಲಗೈ ಕಂಬಿಯನ್ನು ಹುಡುಕಿ ಹಿಡಿದುಕೊಂಡಿತು.

“ಎಲ್ಲಾರೂ ಇಳಿದು ಬಂದ್ರು. ವಿಮಾನದ ಹುಡುಗೀರೂ ಪೆಟ್ಟಿಗೆ ಎಳ್ಕೊಂಡು ಬಂದ್ರು. ಅವರು ಬಂದ ಮೇಲೆ ಇನ್ನು ಯಾರೂ ಇರಲ್ಲಮ್ಮ ಅಂತ ಪಕ್ಕದಲ್ಲಿದ್ದೋನು ಹೇಳ್ದ. ಆದ್ರೂ ಮೂರೂಕಾಲರ ತನಕ ನಿಂತಿದ್ವಿ. ವಿಮಾನ ತಪ್ಪಿರಬೇಕು ಪಾಪ ಅಂದ್ಕೊಂಡೆ. ರಾತ್ರಿ ನೀವೇ ಹೇಳಿದ್ರಿ, ನೇರ ವಿಮಾನ ಇರಲಿಲ್ಲ ಅಂತ.”

“ಬಟನ್‌ಗೆ...”

“ಅವಳೂ ಅಲ್ಲೇ ಇದ್ಲಲ್ಲ ಊಟದ ಮೇಜಲ್ಲಿ. ಕೇಳಿಸ್ಕೊಂಡ್ಲು.”

ನೀನು ಯಾಕೆ ಆಗಲೇ ಕೇಳಲಿಲ್ಲ ಎಂದ ಅವನು. ಕೇಳಿದ ಮೇಲೆ ತನ್ನ ದನಿಯೇ ತನಗೆ ಹೇಸಿಗೆಯಾಯಿತು, ತಪ್ಪನ್ನು ಅವಳ ಮೇಲೆ ಹೊರಿಸಿದ ಹಾಗಿತ್ತು ಅದು. ಅವಳು ಸಿಟ್ಟಾಗಲಿಲ್ಲ. “ಕೇಳಿದ್ರೆ ನೀವು ಇನ್ನೊಂದು ಸುಳ್ಳು ಹೇಳಬೇಕಾಗ್ತಿತ್ತು. ಮಗು ಮುಂದೆ ಅದು ಬೇಡ ಅನ್ನಿಸ್ತು” ಎಂದಳು. ಆಮೇಲೆ ತುಟಿಯ ಒಂದು ಮೂಲೆಯಿಂದ, ಅಲ್ಲಿ ಸೂಜಿ ಇದ್ದ ಹಾಗೆಯೇ, ಹೇಳಿದಳು. “ಎರಡು ವರ್ಷ ಯಾವಳೋ ಇದ್ದಾಳೆ ಅಂದ್ಕೊಂಡಿದ್ದೆ. ನಿಮ್ಮ ಅಂಗಿ ಎಲ್ಲ ಮೂಸಿ ನೋಡ್ತಿದ್ದೆ. ಆಮೇಲೆ ಒಂದಿನ ಆ ಕಂಪನಿಯಿಂದ ಪಟ್ಟಿ ಬಂತಲ್ಲ, ನೀವು ಎಲ್ಲೆಲ್ಲಿ ಹತ್ತಿ ಎಲ್ಲೆಲ್ಲಿ ಇಳಿದ್ರಿ ಅಂತ. ಕೂತ್ಕೊಂಡು ಓದಿದೆ. ಯಾವಳೂ ಇರಲಿಲ್ಲ. ಹೆಂಗಸಾಗಿದ್ರೆ ಹೋಗ್ಲಿ, ಅರ್ಥ ಆಗ್ತಿತ್ತು ಕಣ್ರೀ.”

ಅವಳು ಈಗಲೂ ಬಾಗಿಲನ್ನೇ ನೋಡುತ್ತಿದ್ದಳು. ಇಪ್ಪತ್ತೊಂದು ವರ್ಷ ಆ ಸುಳ್ಳು ಗಟ್ಟಿಯಾಗಿ ನಿಂತಿದೆಯೆಂದು ನಂಬಿ, ಅದರ ಮೇಲೆ ಅವನು ಇನ್ನೂ ಎಷ್ಟೆಷ್ಟೋ ಇಟ್ಟಿದ್ದ. ‘ಇವತ್ತೂ ಇರಲಿಲ್ಲ’, ‘ಈ ಸಲವೂ ಸುತ್ತಿಕೊಂಡೇ ಬರಬೇಕಾಯ್ತು’. ಪ್ರತಿ ಸಲವೂ ಅವಳು ಹೂಂ ಎಂದು ತಟ್ಟೆ ಹಾಕಿದ್ದಳು, ಚಹಾಕ್ಕೆ ಅರ್ಧ ಚಮಚ ಹಾಕಿದ್ದಳು. ಯಂತ್ರಗಳ ಸುಳ್ಳು ಹಿಡಿಯಲು ದೇಶವೆಲ್ಲ ಹಾರಿದವನ ಸುಳ್ಳನ್ನು ಮನೆಯಲ್ಲಿ ಕೂತವಳು ಹಿಡಿದು, ಚೀಟಿ ಅಂಟಿಸದೆ ಬಿಟ್ಟಿದ್ದಳು. ಅವನಿಗೆ ನಾಚಿಕೆಯಾಯಿತು. ಹೊರಗೆ ಬಸ್ಸುಗಳು ನಿಂತಿದ್ದವು. “ಬಾ, ಬಸ್ಸಲ್ಲಿ ಹೋಗೋಣ. ರಾತ್ರಿಗೆಲ್ಲ ಮನೇಲಿರ್ತೀವಿ. ನಂಗೆ ಆ ಕಾರ್ಡು ಬೇಡ” ಎಂದ. ಹೇಳಿದ್ದು ನಿಜವೇ ಎಂದು ಅವನೇ ತನ್ನನ್ನು ಕೇಳಿಕೊಂಡ. ಆ ಗಳಿಗೆಗೆ ನಿಜವಾಗಿತ್ತು.

ಹೆಂಡತಿ ಆಗ ಅವನ ಕಡೆ ತಿರುಗಿದಳು. “ಏನು ಬೇಡ? ಇಷ್ಟು ವರ್ಷ ಕಾದಿದ್ದು ಯಾರು? ಅದರಲ್ಲಿ ನಂದೂ ಇದೆ, ಅವಳದ್ದೂ ಇದೆ. ಈಗ ಬಂದು ಬೇಡ ಅಂತ ಬಿಸಾಕ್ತೀರಾ? ಸುಮ್ನೆ ಹತ್ತಿ.” ಸ್ವಲ್ಪ ತಡೆದು, “ಇಲ್ಲೇ ಹತ್ರದಲ್ಲಿ ಸಮುದ್ರ ಇದೆಯಂತೆ, ಹೌದಾ?” ಎಂದು ಕೇಳಿದಳು. ಇದೆ ಅಂತ ಅವನು ಕೇಳಿದ್ದ. ಎರಡು ಗಂಟೆ ಹೊತ್ತಿತ್ತು. ಒಂದು ಟ್ಯಾಕ್ಸಿ ಹಿಡಿದು ಹೋದರು. ಮೀನಿನ ಬಲೆಗಳನ್ನು ಒಣಹಾಕಿದ ಗೋಡೆಯ ಮೇಲೆ ಕೂತು ನೀರು ನೋಡಿದರು. ಈ ಊರಿಗೆ ಎಷ್ಟು ಸಲ ಬಂದಿದ್ದೀರಿ ಎಂದು ಅವಳು ಕೇಳಿದಳು. ನೂರ ಮೂವತ್ತು ಸಲವಾದರೂ ಆಗಿರಬೇಕು, ಎಂದ. ಅವಳು ಚಪ್ಪಲಿಯ ಮರಳು ಕೊಡವಿಕೊಂಡು ಎದ್ದಳು.

ಲೌಂಜಿನಾಕೆ ಮೊದಲೇ ಹೇಳಿಕಳಿಸಿದ್ದಳೆಂದು ಕಾಣುತ್ತದೆ, ವಾಪಸಿನ ವಿಮಾನ ಮೇಲೇರಿ ಸಮವಾದ ಮೇಲೆ ಪರಿಚಾರಿಕೆ ಒಂದು ತಟ್ಟೆಯಲ್ಲಿ ಕೇಕಿನ ತುಂಡು, ಎಲ್ಲರೂ ಸಹಿ ಹಾಕಿದ ಒಂದು ಕಾರ್ಡು ತಂದಳು. ಮೈಕಿನಲ್ಲಿ ಅವನ ಹೆಸರು ಹೇಳಿ, ಇವರ ಸಾವಿರದ ಐನೂರನೆಯ ಪ್ರಯಾಣ, ಎಂದಾಗ ಹಿಂದಿನ ಸಾಲುಗಳಲ್ಲಿ ಚಪ್ಪಾಳೆಯಾಯಿತು. ಈ ಗಳಿಗೆಯನ್ನು ಅವನು ಎಷ್ಟು ಸಲ ಮನಸ್ಸಿನಲ್ಲೇ ನಡೆಸಿ ನೋಡಿದ್ದ. ಅದರಲ್ಲಿ ಎದ್ದು ನಿಂತು ಎಲ್ಲರಿಗೂ ಕೈ ಮುಗಿಯುತ್ತಿದ್ದ. ಈಗ ಬೆಲ್ಟು ಬಿಚ್ಚಲೂ ತೋಚದೆ ಕೇಕಿನ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಹೆಂಡತಿ ಕೂಡ ಚಪ್ಪಾಳೆ ತಟ್ಟಿದಳು, ವ್ಯಂಗ್ಯವೇನೂ ಇರಲಿಲ್ಲ, ಬೇರೆಯವರ ಮಗು ಹಾಡಿ ಮುಗಿಸಿದಾಗ ತಟ್ಟುವ ಹಾಗೆ. “ಇಷ್ಟರಲ್ಲಿ ಮರೆಯಲಾಗದ ಪ್ರಯಾಣ ಯಾವುದು ಸಾರ್?” ಎಂದು ಪರಿಚಾರಿಕೆ ಕೇಳಿದಳು. ಹೆಂಡತಿಯೇ ಮುಂದೆ ಬಾಗಿ ಉತ್ತರ ಕೊಟ್ಟಳು. “ಇನ್ನೂ ಇಳಿದಿಲ್ಲ ಕಣಮ್ಮ. ಇಳಿದ ಮೇಲೆ ಹೇಳ್ತಾರೆ.” ಕೇಕನ್ನು ಅರ್ಧ ಮಾಡಿ ತಿಂದರು. ಕಾರ್ಡಿನ ಮೇಲೆ ಒಟ್ಟು ಆರು ಸಹಿಗಳಿದ್ದವು, ನೀಲಿ ಶಾಯಿಯಲ್ಲಿ, ಒಂದಕ್ಕೊಂದು ತಾಗದ ಹಾಗೆ ಜಾಗ ಬಿಟ್ಟು. ಅವನು ಅದನ್ನು ಓದಲಿಲ್ಲ. ಒಂದೂವರೆಗೆ ಎರಡು ನಿಮಿಷವಿರುವಾಗ ಚಕ್ರ ನೆಲ ಮುಟ್ಟಿತು.

ಸಾಮಾನಿನ ಪಟ್ಟಿಯ ಬಳಿ ಕಾಯುವುದೇನಿರಲಿಲ್ಲ. ಹೊರಬಾಗಿಲಿಗೆ ಇನ್ನು ಇಪ್ಪತ್ತು ಹೆಜ್ಜೆಯಿದೆ ಎನ್ನುವಾಗ ಹೆಂಡತಿ ಅವನ ತೋಳು ಹಿಡಿದು ನಿಲ್ಲಿಸಿದಳು. “ನೀವು ಇಲ್ಲೇ ಒಂಚೂರು ಇರಿ. ನಾನು ಮುಂದೆ ಹೋಗಿ ಕಂಬಿ ಹತ್ರ ನಿಂತಿರ್ತೀನಿ. ಆಮೇಲೆ ಬನ್ನಿ.” ಯಾಕೆ ಎಂದು ಈ ಸಲವೂ ಅವನು ಕೇಳಲಿಲ್ಲ. ಚೀಲವನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡು ಅವಳು ಬೇಗ ಬೇಗ ನಡೆದು ಹೋದಳು. ಬಾಗಿಲು ಸರಿಯಿತು, ಅವಳನ್ನು ಆಚೆಗೆ ಬಿಟ್ಟು ಮುಚ್ಚಿಕೊಂಡಿತು.

ಅವನು ನಿಂತ. ಜೊತೆಗೆ ಇಳಿದವರೆಲ್ಲ ಅವನನ್ನು ದಾಟಿ ಹೋದರು. ಪರಿಚಾರಿಕೆಯರು ಪೆಟ್ಟಿಗೆ ಎಳೆದುಕೊಂಡು ಬಂದರು, ಕೇಕು ತಂದವಳು ಕೈ ಬೀಸಿದಳು. ಅವರಿಗಿಂತ ಹಿಂದೆ ಉಳಿಯಬಾರದೆಂದು ಅವನಿಗೆ ತಟ್ಟನೆ ಭಯವಾಯಿತು; ಅವರು ಬಂದ ಮೇಲೆ ಇನ್ನು ಯಾರೂ ಇರುವುದಿಲ್ಲವೆಂದು ಕಂಬಿಯ ಬಳಿ ಯಾರಾದರೂ ಹೇಳಿಬಿಟ್ಟರೆ? ಅವರನ್ನು ಹಿಂದೆ ಹಾಕಿ, ಅರವತ್ತರ ಮಂಡಿಗಳು ಬಿಟ್ಟಷ್ಟು ಜೋರಾಗಿ, ಓಡಿಯೇ ಬಾಗಿಲು ದಾಟಿದ. ಬಿಸಿಲು ಕಣ್ಣಿಗೆ ಹೊಡೆಯಿತು. ಕಂಬಿ ಈಗ ಬೂದು ಬಣ್ಣದ್ದು. ಬಹಳ ಜನ. ಯಾವುದೂ ಅವನಿಗಾಗಿ ಕಾದ ಮುಖವಲ್ಲ, ಅವರು ಕಾಯುತ್ತಿದ್ದ ಮುಖವೂ ಅವನದಲ್ಲ. ಎಲ್ಲರ ಕಣ್ಣೂ ಅವನನ್ನು ಮುಟ್ಟಿ ಹಿಂದಕ್ಕೆ ಜಾರುತ್ತಿತ್ತು. ಸಾವಿರದ ಐನೂರು ಸಲ ಇಂಥ ಬಾಗಿಲುಗಳಿಂದ ಹೊರಬಂದವನು ಒಂದು ಸಲವೂ ಕಂಬಿಯ ಆಚೆಗೆ ಕಣ್ಣೆತ್ತಿ ನೋಡಿರಲಿಲ್ಲ. ಈಗ ಒಂದೊಂದೇ ಮುಖ ಹುಡುಕಿದ. ಎಡತುದಿಯಲ್ಲಿ, ಒಬ್ಬ ಎತ್ತರದವನ ತೋಳಿನಡಿಯಿಂದ, ಹೆಂಡತಿ ಕತ್ತು ಚಾಚಿ ನೋಡುತ್ತಿದ್ದಳು. ಅವನನ್ನು ಕಂಡಳು. ಅವಳ ಮುಖ ಒಮ್ಮೆಗೇ ಬದಲಾಯಿತು. ಅಂಥ ಮುಖವನ್ನು ಅವನು ಯಾವ ಲೌಂಜಿನಲ್ಲೂ ನೋಡಿರಲಿಲ್ಲ, ಇಪ್ಪತ್ತೊಂದು ವರ್ಷದ ಹಿಂದೆ ಇಲ್ಲಿ ಅದರ ಪಕ್ಕದಲ್ಲಿ ಇನ್ನೊಂದು ಪುಟ್ಟ ಮುಖವೂ ಇತ್ತು.

ಅವನು ಹತ್ತಿರ ಹೋಗಿ ಕಂಬಿಯ ಈಚೆಗೆ ನಿಂತ. ಏದುಸಿರು ಬರುತ್ತಿತ್ತು. ಕ್ಷಮಿಸು ಎನ್ನುವುದನ್ನು ಎಲ್ಲಿಂದ ಶುರು ಮಾಡಬೇಕೆಂದು ಹುಡುಕುತ್ತಿರುವಾಗ ಅವಳು ತನ್ನ ವಾಚು ನೋಡಿಕೊಂಡಳು.

“ಒಂದು ಮುಕ್ಕಾಲು” ಎಂದಳು. “ಇನ್ನೂ ಹೊತ್ತಿದೆ. ಬಟನ್‌ಗೆ ಆಸ್ಪತ್ರೇಲಿ ಡ್ಯೂಟಿ ಮುಗಿಯೋದು ನಾಲ್ಕಕ್ಕೆ.”